ಓಲೆಯಿಂದ ತಂತಿಯವರೆಗೆ: ಮನೆಯ ಕಾಗದಪತ್ರಗಳ ಚರಿತ್ರೆ

ಕನ್ನಡದಲ್ಲಿ ಬರೆದು ಕಳುಹಿಸುವ ಸುದ್ದಿಗೆ ಮೂರು ಹೆಸರುಗಳು ಬಳಕೆಯಲ್ಲಿವೆ: ಓಲೆ, ಪತ್ರ, ಕಾಗದ. ಓಲೆ ಎಂದರೆ ತಾಳೆಯ ಗರಿ. ಪತ್ರ ಎಂದರೆ ಸಂಸ್ಕೃತದಲ್ಲಿ ಎಲೆ. ಕಾಗದ ಎಂಬುದು ಪಾರಸಿಯಿಂದ ನಮ್ಮಲ್ಲಿಗೆ ಬಂದ ಶಬ್ದ. ಮೂರೂ ಮೊದಲಿಗೆ ಬರೆಯುವ ವಸ್ತುವಿನ ಹೆಸರುಗಳು; ಬರಬರುತ್ತ ಬರೆದ ಸುದ್ದಿಗೂ ಅದೇ ಹೆಸರು ನಿಂತಿತು. "ಮಗನ ಕಾಗದ ಬಂತು" ಎಂದು ಅಜ್ಜಿ ಹೇಳಿದಾಗ ಬಂದದ್ದು ಬರಿಯ ಹಾಳೆಯಲ್ಲ ಎಂಬುದು ಮನೆಮಂದಿಗೆಲ್ಲ ತಿಳಿಯುತ್ತಿತ್ತು.

ಬಂದ ಕಾಗದವನ್ನು ಓದಿದ್ದಾಯಿತು. ಮುಂದೇನು? ಇಟ್ಟುಕೊಳ್ಳಬೇಕೇ, ಹರಿದು ಹಾಕಬೇಕೇ? ಇಟ್ಟುಕೊಳ್ಳುವುದಾದರೆ ಎಲ್ಲಿ, ಎಷ್ಟು ಕಾಲ? ಕೇಳುವುದಕ್ಕೆ ಇದು ಮನೆವಾರ್ತೆಯ ಸಣ್ಣ ಪ್ರಶ್ನೆ. ಆದರೆ ಚರಿತ್ರೆಯ ವಿದ್ಯಾರ್ಥಿಗೆ ಇದು ದೊಡ್ಡ ಪ್ರಶ್ನೆ. ರಾಜರ ಚರಿತ್ರೆ ಕಲ್ಲಿನ ಮೇಲೆ, ತಾಮ್ರದ ಮೇಲೆ ಉಳಿಯಿತು. ಸಾಮಾನ್ಯ ಜನರ ಚರಿತ್ರೆ ಉಳಿದದ್ದು ಅಟ್ಟದ ಮೇಲಿನ ಗಂಟುಗಳಲ್ಲಿ, ಕೋಣೆಯ ಮೂಲೆಯ ಪೆಟ್ಟಿಗೆಗಳಲ್ಲಿ. ಯಾವ ಗಂಟು ಉಳಿಯಿತು, ಯಾವುದು ಒಲೆಗೆ ಹೋಯಿತು ಎಂಬುದರ ಮೇಲೆ ನಮ್ಮ ತಿಳಿವಳಿಕೆಯ ಎಲ್ಲೆಯೂ ನಿಂತಿದೆ.

ಓಲೆಯ ಕಟ್ಟು

ತಾಳೆಗರಿಯ ಕಾಲದಲ್ಲಿ ಮನೆಯಲ್ಲಿ ಬರಹ ರಾಶಿ ಬೀಳುವ ಭಯ ಹೆಚ್ಚಿರಲಿಲ್ಲ. ಗರಿಯನ್ನು ಹದಮಾಡಿ ಒಣಗಿಸಿ, ಒಂದೇ ಅಳತೆಗೆ ಕತ್ತರಿಸಿ, ಕಂಠವೆಂಬ ಕಬ್ಬಿಣದ ಮೊನೆಯಿಂದ ಕೊರೆದು, ಮೇಲೆ ಮಸಿ ತಿಕ್ಕಿದರೆ ಅಕ್ಷರ ಕಾಣುತ್ತಿತ್ತು. ಇಷ್ಟು ಶ್ರಮವಿದ್ದಾಗ ಬರೆಯುವುದೇ ಕಡಿಮೆ. ಬರೆದದ್ದಕ್ಕೆ ತೂತು ಮಾಡಿ ದಾರ ಪೋಣಿಸಿ, ಮೇಲೆ ಕೆಳಗೆ ಮರದ ಹಲಗೆ ಇಟ್ಟು, ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದರು. ನವರಾತ್ರಿಯ ಸರಸ್ವತಿ ಪೂಜೆಗೆ ಕಟ್ಟುಗಳು ಹೊರಗೆ ಬರುತ್ತಿದ್ದವು. ಪೂಜೆಯ ನೆಪದಲ್ಲಿ ಧೂಳು ಕೊಡವುವ, ಹುಳು ನೋಡುವ ಕೆಲಸವೂ ನಡೆಯುತ್ತಿತ್ತು. ವರ್ಷಕ್ಕೊಮ್ಮೆ ತಪ್ಪದೆ ಬರುವ ತಪಾಸಣೆ ಅದು.

ಹಳೆಯ ಗರಿ ಮುರಿಯತೊಡಗಿದರೆ ಹೊಸದಕ್ಕೆ ನಕಲು ಮಾಡಬೇಕು. ನಕಲು ಮಾಡುವವರಿಲ್ಲದ ಮನೆಗಳಲ್ಲಿ ಕಟ್ಟುಗಳು ಗೆದ್ದಲಿಗೆ ಆಹಾರವಾದವು, ಕೆಲವು ಹೊಳೆಯ ಪಾಲಾದವು. ಉಳಿದವುಗಳ ಬೆಲೆ ಏನೆಂಬುದಕ್ಕೆ ಮೈಸೂರಿನದೇ ಉದಾಹರಣೆಯಿದೆ. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ತಮ್ಮಲ್ಲಿದ್ದ ಓಲೆಗರಿಯ ಕಟ್ಟೊಂದನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಪ್ಪಿಸಿದರು. ಅಲ್ಲಿ ಅದನ್ನು ಪರಿಶೀಲಿಸಿದ ಆರ್. ಶಾಮಶಾಸ್ತ್ರಿಗಳು, ಅದು ಕಣ್ಮರೆಯಾಗಿದೆಯೆಂದು ಎಲ್ಲರೂ ತಿಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಎಂದು ಗುರುತಿಸಿ, 1909ರಲ್ಲಿ ಪ್ರಕಟಿಸಿದರು. ಯಾರೋ ಒಬ್ಬರು ಆ ಕಟ್ಟನ್ನು ಹಳೆಯ ಕಸವೆಂದು ಹೊಳೆಗೆ ಬಿಟ್ಟಿದ್ದರೆ?

ಕಡತ ಎಂಬ ಕಪ್ಪು ಪುಸ್ತಕ

ಓಲೆ ಗ್ರಂಥಕ್ಕೆ ಒದಗಿತು. ದಿನದ ಲೆಕ್ಕಕ್ಕೆ, ಅಂಗಡಿಯ ವ್ಯವಹಾರಕ್ಕೆ, ಶಾನುಭೋಗರ ಕೆಲಸಕ್ಕೆ ನಮ್ಮವರು ಬೇರೊಂದು ವಸ್ತುವನ್ನು ಕಂಡುಕೊಂಡಿದ್ದರು. ಅದೇ ಕಡತ. ಹತ್ತಿಯ ಬಟ್ಟೆಗೆ ಇದ್ದಿಲ ಪುಡಿ ಮತ್ತು ಹುಣಸೆ ಬೀಜದ ಅಂಟನ್ನು ಎರಡೂ ಬದಿಗೆ ಬಳಿದು ಒಣಗಿಸಿದರೆ ಕಪ್ಪು ಹಲಗೆಯಂಥ ಮೈ ಬರುತ್ತದೆ. ಅದರ ಮೇಲೆ ಬಳಪದಿಂದ ಬರೆಯುವುದು. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತಮ್ಮ ಇತಿಹಾಸ ಗ್ರಂಥದಲ್ಲಿ ಇದನ್ನು ವರ್ಣಿಸಿದ್ದಾರೆ: ಬಟ್ಟೆಯ ಅಗಲ ಎಂಟು ಅಂಗುಲದಿಂದ ಒಂದು ಅಡಿ, ಉದ್ದ 12ರಿಂದ 18 ಅಡಿ. ಕತ್ತರಿಸದೆ, ಮಡಿಕೆ ಮಡಿಕೆಯಾಗಿ ಮಡಿಸಿ, ಎರಡು ತುದಿಗೆ ಮರದ ಹಲಗೆ ಅಂಟಿಸಿ, ದಾರದಿಂದ ಕಟ್ಟಿ ಇಡುವುದು.

ಕಡತದ ಗುಣವನ್ನು ಗಮನಿಸಿ. ಬರೆದದ್ದನ್ನು ಒರೆಸಬಹುದು, ಅಳಿಸಿದ ಜಾಗದಲ್ಲಿ ಮತ್ತೆ ಬರೆಯಬಹುದು. ತೀರಿದ ಸಾಲದ ಲೆಕ್ಕ ಜಾಗ ಹಿಡಿದು ಕೂರಬೇಕಾಗಿಲ್ಲ. ಹಾಗೆಯೇ, ಅಳಿಸದಿದ್ದರೆ ಬಹುಕಾಲ ಬಾಳುತ್ತದೆ. ಶೃಂಗೇರಿ ಮಠದಲ್ಲಿ ಹಳೆಯ ಕಡತಗಳು ಉಳಿದು ಬಂದು ಸಂಶೋಧಕರಿಗೆ ಆಕರಗಳಾಗಿವೆ. ಕಪ್ಪು ಬಟ್ಟೆಯ ಕಡತ ಇಂದು ಬಳಕೆಯಲ್ಲಿಲ್ಲ. ಹೆಸರು ಮಾತ್ರ ಸರಕಾರಿ ಕಚೇರಿಯನ್ನು ಸೇರಿಕೊಂಡಿತು. "ಕಡತ ವಿಲೇವಾರಿ" ಎಂದು ಪತ್ರಿಕೆಯಲ್ಲಿ ಓದುವಾಗ ಅದರ ಹಿಂದೆ ಇದ್ದಿಲು, ಹುಣಸೆ ಬೀಜ, ಬಳಪ ಇವೆಯೆಂದು ಎಷ್ಟು ಜನ ಬಲ್ಲರು?

ಮಂಗಳೂರಿಗೆ ಬಂದ ಕಾಗದಗಳು

ಕಾಗದ ನಮ್ಮ ಕರಾವಳಿಗೆ ಅಪರೂಪದ ವಸ್ತುವಾಗಿದ್ದ ಕಾಲದ ಕಥೆಯೊಂದು ಈಜಿಪ್ಟಿನಲ್ಲಿ ಸಿಕ್ಕಿತು. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ ಮಂಗಳೂರಿನಲ್ಲಿ ನೆಲೆಸಿದ್ದ. ಟ್ಯುನೀಷಿಯಾ ಕಡೆಯವನು. 1132ರ ವೇಳೆಗೆ ಇಲ್ಲಿದ್ದವನು, 1149ರಲ್ಲಿ ಮರಳಿ ಏಡನ್‌ಗೆ ಹೋದ. ಇಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸುತ್ತಿದ್ದ. ಏಡನ್‌ನ ಗೆಳೆಯರು ಅವನಿಗೆ ವ್ಯಾಪಾರದ ಕಾಗದ ಬರೆಯುವಾಗ, ಜೊತೆಗೆ ಉಡುಗೊರೆಯಾಗಿ ಬರೆಯುವ ಬಿಳಿ ಹಾಳೆಗಳನ್ನೂ ಕಳುಹಿಸುತ್ತಿದ್ದರು. ಸಿಕ್ಕ ಹಾಳೆಯನ್ನು ಅವನು ವ್ಯರ್ಥ ಮಾಡಿದವನಲ್ಲ. ಬಂದ ಪತ್ರಗಳ ಹಿಂಬದಿಯಲ್ಲಿ, ಖಾಲಿ ಬಿಟ್ಟ ಅಂಚಿನಲ್ಲಿ ತನ್ನ ಲೆಕ್ಕ, ಕರಡು, ಪದ್ಯಗಳನ್ನು ಬರೆದುಕೊಂಡ.

ದೇಶ ಬಿಟ್ಟು ಹೋಗುವಾಗ ಆ ಕಾಗದಗಳನ್ನು ಜೊತೆಗೇ ಒಯ್ದ. ಕೊನೆಗೆ ಅವು ಕೈರೋದ ಹಳೆಯ ಭಾಗವಾದ ಫುಸ್ತಾತ್‌ನ ಬೆನ್ ಎಜ್ರಾ ಪ್ರಾರ್ಥನಾ ಮಂದಿರದ 'ಗೆನಿಜಾ' ಎಂಬ ಕೋಣೆಯನ್ನು ಸೇರಿದವು. ದೇವರ ಹೆಸರಿರಬಹುದಾದ ಬರಹವನ್ನು ಹರಿಯಬಾರದು, ಸುಡಬಾರದು ಎಂಬ ನಂಬಿಕೆಯಿಂದ ಹಳೆಯ ಕಾಗದವನ್ನೆಲ್ಲ ಅಲ್ಲಿ ಹಾಕುತ್ತಿದ್ದರು. 1896–97ರಲ್ಲಿ ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸ ಅಲ್ಲಿನ ಬಹುಭಾಗವನ್ನು ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ಸಾಗಿಸಿದ. ಇಂದು ಅಲ್ಲಿ ಸುಮಾರು 1,93,000 ತುಣುಕುಗಳಿವೆ. ಎಸ್. ಡಿ. ಗಾಯ್ಟೀನ್ ಅವರ ಸಂಶೋಧನೆಯಿಂದ ಬೆನ್ ಯಿಜುವಿನ ಬದುಕು ಬೆಳಕಿಗೆ ಬಂತು. ಅಮಿತಾವ್ ಘೋಷ್ 1992ರಲ್ಲಿ ಅದನ್ನೇ ಹಿಡಿದು ಪುಸ್ತಕ ಬರೆದರು. ಎಂಟುನೂರು ವರ್ಷಗಳ ಹಿಂದಿನ ಮಂಗಳೂರಿನ ವ್ಯಾಪಾರದ ವಿವರ ನಮಗೆ ತಿಳಿದದ್ದು ಯಾವ ಅರಮನೆಯ ದಾಖಲೆಯಿಂದಲೂ ಅಲ್ಲ. ಬಿಸಾಡಬಾರದೆಂದು ಬಿಸಾಡಿದ ಕಾಗದದ ರಾಶಿಯಿಂದ.

ಅಂಚೆ ಬಾಗಿಲಿಗೆ ಬಂದಾಗ

ಮೈಸೂರು ಸಂಸ್ಥಾನದಲ್ಲಿ ಚಿಕ್ಕದೇವರಾಜ ಒಡೆಯರ (ಆಳ್ವಿಕೆ 1673–1704) ಕಾಲದಲ್ಲಿ ಅಂಚೆಯ ವ್ಯವಸ್ಥೆ ಏರ್ಪಟ್ಟಿತು. ಅದು ಮುಖ್ಯವಾಗಿ ಅರಸರ ಆಡಳಿತಕ್ಕಾಗಿ ಇದ್ದದ್ದು. ಎರಡು ಶತಮಾನಗಳ ತರುವಾಯ, 1889ರಲ್ಲಿ, ಮೈಸೂರು ಅಂಚೆ ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಯಿತು. ಮುಂಬಯಿ ಕರ್ನಾಟಕದವರು ಇದನ್ನೇ ಟಪಾಲು ಎಂದರು.

ಸಾಮಾನ್ಯರ ಮನೆಗೆ ಕಾಗದ ಬರತೊಡಗಿದ್ದು ದರ ಇಳಿದ ಮೇಲೆ. 1854ರಲ್ಲಿ ದೂರ ಎಷ್ಟೇ ಇದ್ದರೂ ತೂಕಕ್ಕೆ ತಕ್ಕಂತೆ ಒಂದೇ ದರ ಎಂಬ ನಿಯಮ ಬಂತು. 1879ರ ಜುಲೈ 1ರಂದು ಕಾಲಾಣೆಯ ಪೋಸ್ಟ್‌ಕಾರ್ಡ್ ಬಂತು. 1880ರಲ್ಲಿ ಮನಿಯಾರ್ಡರ್ ಅಂಚೆ ಕಚೇರಿಯ ಕೈಗೆ ಬಂತು. 1882ರಲ್ಲಿ ಉಳಿತಾಯ ಬ್ಯಾಂಕ್. ಹೀಗೆ ಒಂದೇ ಪೀಳಿಗೆಯಲ್ಲಿ ಕಾರ್ಡು, ಲಕೋಟೆ, ಮನಿಯಾರ್ಡರಿನ ಚೀಟಿ, ಪಾಸ್‌ಬುಕ್ಕು ಎಲ್ಲವೂ ಮನೆಯೊಳಗೆ ಕಾಲಿಟ್ಟವು. ಸ್ವಾತಂತ್ರ್ಯಾನಂತರ, 1950ರ ಅಕ್ಟೋಬರ್ 2ರಂದು, ನೀಲಿ ಬಣ್ಣದ ಇನ್‌ಲ್ಯಾಂಡ್ ಲೆಟರ್ ಬಂದಿತು. ಅದರ ಮಡಿಕೆಯ ಒಳಗೂ ಅಂಟು ಹಚ್ಚುವ ಅಂಚಿನ ಪಕ್ಕದಲ್ಲೂ ಅಡ್ಡಡ್ಡ ಬರೆದು ಕಳುಹಿಸುತ್ತಿದ್ದ ಕಾಲವನ್ನು ನಿಮ್ಮ ಹಿರಿಯರು ಬಲ್ಲರು.

ಮರದ ತಿರುಳಿನಿಂದ, ಬಿದಿರಿನಿಂದ ಯಂತ್ರದಲ್ಲಿ ಕಾಗದ ಮಾಡುವ ಕ್ರಮ ಹಬ್ಬಿದಂತೆ ಕಾಗದ ಅಗ್ಗವಾಯಿತು. ನಮ್ಮ ಭದ್ರಾವತಿಯಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾದದ್ದು 1936ರಲ್ಲಿ. ಅಗ್ಗದ ಕಾಗದಕ್ಕೆ ಒಂದು ದೋಷವಿತ್ತು: ಅದರಲ್ಲಿ ಉಳಿಯುವ ಆಮ್ಲದಿಂದ ಹಾಳೆ ಹಳದಿಯಾಗಿ, ಮುಟ್ಟಿದರೆ ಪುಡಿಯಾಗುತ್ತದೆ. ಚಿಂದಿ ಬಟ್ಟೆಯ ನಾರಿನಿಂದ ಕೈಯಲ್ಲಿ ಮಾಡಿದ ಇನ್ನೂರು ವರ್ಷದ ಹಾಳೆ ಗಟ್ಟಿಯಾಗಿರುವಾಗ, ಎಂಬತ್ತು ವರ್ಷದ ಪತ್ರಿಕೆ ಬಿಡಿಸುವಾಗಲೇ ಮುರಿಯುವುದು ಇದೇ ಕಾರಣದಿಂದ.

ತಂತಿಯ ಶಿಸ್ತು

ಈ ಕಾಗದಗಳ ಪ್ರವಾಹವನ್ನು ನಮ್ಮ ಮನೆಗಳು ನಿಭಾಯಿಸಿದ ಸಾಧನ ಬಲು ಸರಳವಾದದ್ದು. ಒಂದು ಮೊಳ ಗಟ್ಟಿ ತಂತಿ. ಕೆಳಗೆ ಕಾಗದ ಜಾರದಂತೆ ಮರದ ಒಂದು ಬಿಲ್ಲೆ. ಮೇಲೆ ಬಗ್ಗಿಸಿದ ಚೂಪು ಮೊನೆ. ಜಗುಲಿಯ ಕಂಬಕ್ಕೋ ಗೋಡೆಯ ಮೊಳೆಗೋ ತೂಗುಹಾಕುವುದು. ಓದಿದ ಕಾಗದವನ್ನು ಮೊನೆಗೆ ಚುಚ್ಚಿ ಕೆಳಗೆ ಇಳಿಸಿದರೆ ಮುಗಿಯಿತು.

ಇದರಲ್ಲಿ ತಾನಾಗಿಯೇ ಒಂದು ಕಾಲಾನುಕ್ರಮ ಏರ್ಪಡುತ್ತಿತ್ತು. ಹಳೆಯದು ಅಡಿಯಲ್ಲಿ, ಹೊಸದು ಮೇಲೆ. ಮಣ್ಣಿನ ಪದರಗಳನ್ನು ಅಗೆಯುವ ಪುರಾತತ್ತ್ವಜ್ಞ ನಂಬುವ ನಿಯಮವೂ ಇದೇ ಅಲ್ಲವೇ? ತಂತಿ ತುಂಬಿದಾಗ ಕಾಗದಗಳನ್ನು ಇಳಿಸಿ, ಅದೇ ತೂತಿನಲ್ಲಿ ದಾರ ಪೋಣಿಸಿ ಕಟ್ಟಿ, ಅಟ್ಟಕ್ಕೋ ಪೆಟ್ಟಿಗೆಗೋ ಸೇರಿಸುತ್ತಿದ್ದರು. ದೋಷಗಳೂ ಇದ್ದವು. ನಡುವಿನ ಒಂದು ಕಾಗದ ಬೇಕಾದರೆ ಮೇಲಿನದನ್ನೆಲ್ಲ ತೆಗೆಯಬೇಕು. ತಂತಿಯ ತುಕ್ಕು ತೂತಿನ ಸುತ್ತ ಕಂದು ಕಲೆ ಮಾಡಿ ಕಾಗದವನ್ನು ತಿನ್ನುತ್ತದೆ. ಒಂದೊಂದು ಕಾಗದದಲ್ಲಿ ಮುಖ್ಯವಾದ ಅಂಕಿಯ ಮೇಲೆಯೇ ತೂತು ಬಿದ್ದಿರುವುದೂ ಉಂಟು.

ಎಲ್ಲ ಕಾಗದಗಳೂ ತಂತಿಗೆ ಏರುತ್ತಿರಲಿಲ್ಲ. ಸಾವಿನ ಸುದ್ದಿ ತಂದ ಕಾಗದವನ್ನು ಓದಿದೊಡನೆ ಹರಿದು ಹಾಕುವ ರೂಢಿ ಬಹಳ ಮನೆಗಳಲ್ಲಿತ್ತು. ಅರಿಸಿನ ಕುಂಕುಮ ಹಚ್ಚಿದ ಲಗ್ನಪತ್ರಿಕೆ ದೇವರ ಮುಂದೆ ಸ್ವಲ್ಪ ಹೊತ್ತು ಕೂತು, ಮುಹೂರ್ತ ಮುಗಿದ ಮೇಲೆ ತಂತಿಗೆ ಬರುತ್ತಿತ್ತು. ಜಾತಕ, ಜಮೀನಿನ ಪತ್ರ, ಸಾಲದ ಪತ್ರ ಇವಕ್ಕೆ ಬೀಗ ಹಾಕುವ ಪೆಟ್ಟಿಗೆ. ದಿನಸಿ ಅಂಗಡಿಯ ಚೀಟಿ, ಹಾಲಿನ ಲೆಕ್ಕ ತಿಂಗಳು ಮುಗಿಯುವವರೆಗೆ ಮಾತ್ರ. ಲಕೋಟೆಯನ್ನು ಬಿಡಿಸಿ ಒಳಮೈಯಲ್ಲಿ ಲೆಕ್ಕ ಬರೆದು, ಕೊನೆಗೆ ಅದು ರದ್ದಿಯವನ ತಕ್ಕಡಿಗೆ. ಶೆಟ್ಟರ ಅಂಗಡಿಯಲ್ಲಿ ಬೆಲ್ಲದ ಪೊಟ್ಟಣವಾಗಿ ಅದು ಇನ್ನೊಂದು ಮನೆಗೆ ಹೋಗುತ್ತಿತ್ತು. ರದ್ದಿ, ರದ್ದು ಇವೆರಡೂ ಒಂದೇ ಮೂಲದ ಶಬ್ದಗಳು. ಯಾವುದನ್ನು ರದ್ದು ಮಾಡಬೇಕು ಎಂಬ ತೀರ್ಪನ್ನು ಮನೆಯ ಹಿರಿಯರು ಯಾವ ಕೈಪಿಡಿಯನ್ನೂ ನೋಡದೆ ಕೊಡುತ್ತಿದ್ದರು.

ಗಂಟು ಬಿಚ್ಚಿದಾಗ ಸಿಕ್ಕಿದ್ದು

1916ರಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ಯರಿಗೆ ಶೃಂಗೇರಿ ಮಠದಲ್ಲಿ ಪತ್ರಗಳ ಒಂದು ಕಟ್ಟು ದೊರೆಯಿತು. ಅದರಲ್ಲಿ ಟಿಪ್ಪು ಸುಲ್ತಾನ ಮಠದ ಸ್ವಾಮಿಗಳಿಗೆ ಬರೆಸಿದ ಸುಮಾರು 30 ಪತ್ರಗಳಿದ್ದವು. ಭಾಷೆ ಕನ್ನಡ. 1791ರಲ್ಲಿ ಮರಾಠಾ ಸೈನ್ಯದ ಕುದುರೆ ದಂಡೊಂದು ಮಠವನ್ನು ಲೂಟಿ ಮಾಡಿದಾಗ ಸುಲ್ತಾನ ದುಃಖ ವ್ಯಕ್ತಪಡಿಸಿ, ಪುನಃ ಪ್ರತಿಷ್ಠಾಪನೆಗೆ ನೆರವು ಕಳುಹಿಸಿದ ವಿಷಯ ಅವುಗಳಲ್ಲಿದೆ. ಟಿಪ್ಪುವಿನ ಬಗ್ಗೆ ಚರ್ಚೆ ಇಂದಿಗೂ ಮುಗಿದಿಲ್ಲ. ಆದರೆ ಆ ಚರ್ಚೆಯಲ್ಲಿ ಯಾರೇ ಮಾತಾಡಲಿ, ಈ ಪತ್ರಗಳಿಗೆ ಉತ್ತರ ಹೇಳದೆ ಮುಂದೆ ಹೋಗುವಂತಿಲ್ಲ. ನೂರ ಇಪ್ಪತ್ತೈದು ವರ್ಷ ಒಂದು ಕಟ್ಟನ್ನು ಬಿಚ್ಚದೆ, ಬಿಸಾಡದೆ ಇಟ್ಟವರಿಂದ ಇದು ಸಾಧ್ಯವಾಯಿತು.

ನೆರೆಯ ಮಹಾರಾಷ್ಟ್ರದಲ್ಲಿ ವಿಶ್ವನಾಥ ಕಾಶಿನಾಥ ರಾಜವಾಡೆ ಎಂಬ ವಿದ್ವಾಂಸರು ಮನೆಮನೆಗೆ ಅಲೆದು ಹಳೆಯ ದಫ್ತರಗಳನ್ನು ಹುಡುಕಿದರು. ವಾಯಿ ಎಂಬ ಊರಿನಲ್ಲಿ ಸಿಕ್ಕ ಪತ್ರಗಳನ್ನು 1898ರಲ್ಲಿ ಅಚ್ಚು ಹಾಕಿಸಿದರು. 1761ರ ಪಾಣಿಪತ್ ಯುದ್ಧದವರೆಗಿನ ಹತ್ತಾರು ವರ್ಷಗಳ ಘಟನೆಗಳು ಆ ಕಾಲದವರದೇ ಮಾತಿನಲ್ಲಿ ಓದುಗರ ಕೈಗೆ ಬಂದವು. ಇಂಥ 22 ಸಂಪುಟಗಳನ್ನು ಅವರು ಹೊರತಂದರು. 1910ರಲ್ಲಿ ಪುಣೆಯಲ್ಲಿ ಭಾರತ ಇತಿಹಾಸ ಸಂಶೋಧಕ ಮಂಡಲವನ್ನೂ ಸ್ಥಾಪಿಸಿದರು. ನಮ್ಮಲ್ಲಿ ಕೆಳದಿಯ ಗುಂಡಾ ಜೋಯಿಸರು ಊರೂರು ಸುತ್ತಿ ತಾಳೆಗರಿ, ಕಡತ, ಕಾಗದಗಳನ್ನು ಸಂಗ್ರಹಿಸಿ ಕೆಳದಿಯ ವಸ್ತುಸಂಗ್ರಹಾಲಯವನ್ನು ಬೆಳೆಸಿದರು.

ಒಂದು ಗೇಣಿ ಚೀಟಿಯ ಬೆಲೆ

ಹಳೆಯ ಕಾಗದ ಪಂಡಿತರಿಗೆ ಮಾತ್ರ ಬೇಕಾದದ್ದು ಎಂದು ಯಾರೂ ತಿಳಿಯಬಾರದು. ಕರ್ನಾಟಕದಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ದೇವರಾಜ ಅರಸು ಆಗ ಮುಖ್ಯಮಂತ್ರಿ. ಗೇಣಿಗೆ ಉಳುತ್ತಿದ್ದ ರೈತ ನಮೂನೆ 7ರಲ್ಲಿ ಅರ್ಜಿ ಹಾಕಿ, ತಾನು ಗೇಣಿದಾರನೆಂದು ಭೂನ್ಯಾಯ ಮಂಡಳಿಯ ಮುಂದೆ ಸ್ಥಾಪಿಸಬೇಕು. ಸ್ಥಾಪಿಸುವುದು ಹೇಗೆ? ಪಹಣಿಯಲ್ಲಿ ಹೆಸರಿರಬೇಕು, ಸಾಕ್ಷಿಗಳಿರಬೇಕು, ಅಥವಾ ಗೇಣಿ ಅಳೆದುಕೊಟ್ಟಾಗ ಧಣಿ ಕೊಟ್ಟ ರಸೀದಿ ಇರಬೇಕು.

ಆ ದಿನಗಳಲ್ಲಿ ಹಳ್ಳಿಗಳಲ್ಲಿ ಪೆಟ್ಟಿಗೆಗಳನ್ನು ಬೋರಲು ಹಾಕಿ ಹುಡುಕಿದವರು ಅನೇಕರು. ಓದು ಬರಹ ಬಾರದಿದ್ದರೂ ಪ್ರತಿ ವರ್ಷದ ಚೀಟಿಯನ್ನು ಮಡಿಸಿ ಇಟ್ಟಿದ್ದ ಮನೆಗೆ ಆ ಚೀಟಿಯೇ ಭೂಮಿಯಾಯಿತು. ಮಳೆಗೆ ನೆನೆದು ಹೋದವರಿಗೆ, ಧಣಿಯಿಂದ ರಸೀದಿಯನ್ನೇ ಪಡೆಯದವರಿಗೆ ಕಷ್ಟವಾಯಿತು. ಬಾಯಿಮಾತಿನ ಗೇಣಿಯಲ್ಲಿ ಧಣಿಯ ಬಲವಿತ್ತು. ಕಾಗದದ ಗೇಣಿಯಲ್ಲಿ ಒಕ್ಕಲಿನ ಬಲವೂ ಸೇರಿಕೊಂಡಿತು. ಕಾಗದವನ್ನು ಇಟ್ಟುಕೊಳ್ಳುವುದು ಮನೆಯ ಅಚ್ಚುಕಟ್ಟಿನ ಮಾತಷ್ಟೇ ಆಗಿರದೆ ಹಕ್ಕಿನ ಮಾತೂ ಆಗಿರುವುದು ಇಲ್ಲಿ ಕಾಣುತ್ತದೆ.

ಕಚೇರಿ ಕಲಿಸುವ ಪಾಠ

ಎಲ್ಲವನ್ನೂ ಇಟ್ಟುಕೊಂಡರೆ ಬೇಕಾದದ್ದು ಸಿಗುವುದಿಲ್ಲ. ಇದನ್ನು ಕಚೇರಿಗಳು ಬೇಗ ಅರಿತವು. ಹಳೆಯ ಮದ್ರಾಸ್ ಪ್ರಾಂತದ ಜಿಲ್ಲಾ ಕಚೇರಿಗಳಲ್ಲಿ ಟಾಟನ್‌ಹ್ಯಾಂ ಪದ್ಧತಿ ಎಂಬ ಕ್ರಮವಿತ್ತು. ಅಂದು ಆ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳಿಗೂ ಅದೇ ಆಡಳಿತದ ನಂಟು. ವಿಲೇವಾರಿಯಾದ ಪ್ರತಿ ಕಡತಕ್ಕೂ ಒಂದು ಅಕ್ಷರದ ಗುರುತು ಹಾಕುತ್ತಿದ್ದರು. 'ಎಲ್' ಗುರುತಿನದು ಒಂದು ವರ್ಷ, 'ಕೆ' ಗುರುತಿನದು ಮೂರು ವರ್ಷ, 'ಡಿ' ಗುರುತಿನದು ಹತ್ತು ವರ್ಷ ಉಳಿಯುತ್ತದೆ. 'ಆರ್' ಗುರುತಿನದು ಶಾಶ್ವತ. ಕಾಗದ ಹಳತಾದ ಮೇಲೆ ಕೂತು ಯೋಚಿಸುವ ಬದಲು, ಕೆಲಸ ಮುಗಿದ ದಿನವೇ ಅದರ ಆಯುಷ್ಯವನ್ನು ಗೊತ್ತುಮಾಡುವುದು ಇದರ ಜಾಣತನ.

ಮನೆಗೂ ಇದು ಸಲ್ಲುತ್ತದೆ. ತಿಂಗಳ ಬಿಲ್ಲುಗಳಿಗೆ ಒಂದು ಚೀಲ, ವರ್ಷ ತುಂಬಿದ ಮೇಲೆ ಖಾಲಿ. ತೆರಿಗೆ, ವಿಮೆ, ಬ್ಯಾಂಕಿನ ಕಾಗದಗಳಿಗೆ ಇನ್ನೊಂದು, ಕೆಲವು ವರ್ಷ. ಜನನ ಪತ್ರ, ಅಂಕಪಟ್ಟಿ, ಆಸ್ತಿಪತ್ರಗಳಿಗೆ ಮೂರನೆಯದು, ಶಾಶ್ವತ. ನಾಲ್ಕನೆಯ ಒಂದು ಚಿಕ್ಕ ಗಂಟು ಬೇಕು. ಯಾವ ಕಾನೂನಿಗೂ ಬೇಡವಾದ, ಆದರೆ ಮನೆಯ ಕಥೆ ಹೇಳುವ ಕಾಗದಗಳಿಗೆ ಅದು: ಅಜ್ಜನ ಕಾರ್ಡು, ಅಮ್ಮನ ಇನ್‌ಲ್ಯಾಂಡ್, ಹಳೆಯ ಲಗ್ನಪತ್ರಿಕೆ, ಅಡುಗೆ ಸಾಮಾನಿನ ಒಂದು ಪಟ್ಟಿ. ಸಾಮಾನಿನ ಪಟ್ಟಿಯನ್ನು ನಗೆಯಾಡಬೇಡಿ. ಅಂದಿನ ಅಕ್ಕಿಯ ಬೆಲೆ, ಮದುವೆಗೆ ಬಂದವರ ಅಂದಾಜು, ಊಟದ ಕ್ರಮ ಮೂರೂ ಅದರಲ್ಲಿರುತ್ತವೆ.

ಇಂದಿನ ಮನೆ

ಈಗ ತಂತಿ ಗೋಡೆಯಿಂದ ಇಳಿದಿದೆ. ಟೆಲಿಗ್ರಾಂ ಸೇವೆ 2013ರ ಜುಲೈನಲ್ಲಿ ನಿಂತಿತು. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್‌ನಲ್ಲಿ ಸೇರಿಹೋಯಿತು. ಕರ್ನಾಟಕದ ಸುಮಾರು ಎರಡು ಕೋಟಿ ಪಹಣಿಗಳು 'ಭೂಮಿ' ಯೋಜನೆಯಲ್ಲಿ ಗಣಕಯಂತ್ರಕ್ಕೆ ಏರಿದವು. ಬಿಲ್ಲು, ಟಿಕೆಟ್ಟು, ಆಮಂತ್ರಣ ಎಲ್ಲವೂ ಕೈಯ ಫೋನಿಗೆ ಬರುತ್ತಿವೆ. ಕಾಗದದ ರಾಶಿ ಕರಗಿತೆಂದು ನಮಗೆ ಸಮಾಧಾನ. ರಾಶಿ ಈಗ ಫೋನಿನೊಳಗೆ ಬೆಳೆಯುತ್ತಿದೆ. ಓಲೆಗೆ ಗೆದ್ದಲು ಹಿಡಿದರೆ ಅರ್ಧವಾದರೂ ಉಳಿಯುತ್ತಿತ್ತು. ಫೋನು ಕೆಟ್ಟರೆ, ಗುಪ್ತಪದ ಮರೆತರೆ, ಒಂದು ಸಾಲೂ ಉಳಿಯದು. ಅಂಗಡಿಯಲ್ಲಿ, ಎಟಿಎಂನಲ್ಲಿ ಕೊಡುವ ನುಣುಪು ಚೀಟಿಯಲ್ಲಿ ಶಾಯಿಯೇ ಇಲ್ಲ. ಶಾಖದಿಂದ ಮೂಡಿದ ಅಕ್ಷರ ಕಾಲಕ್ರಮದಲ್ಲಿ ಮಾಸಿಹೋಗುತ್ತದೆ. ಬೇಕಾದದ್ದಾದರೆ ಅದರ ನಕಲು ತೆಗೆದಿಡಬೇಕು.

ವಿದ್ಯಾರ್ಥಿ ಮಿತ್ರರೇ, ಈ ರಜೆಯಲ್ಲಿ ಮನೆಯ ಹಿರಿಯರ ಅನುಮತಿ ಪಡೆದು ಒಂದು ಹಳೆಯ ಪೆಟ್ಟಿಗೆಯನ್ನು ತೆರೆಯಿರಿ. ಕಾಗದಗಳ ಕ್ರಮವನ್ನು ಕೆಡಿಸಬೇಡಿ. ಯಾವುದು ಯಾವುದರ ಜೊತೆಗಿತ್ತು ಎಂಬುದೂ ಒಂದು ಸಾಕ್ಷ್ಯ. ತುಕ್ಕು ಹಿಡಿದ ಗುಂಡುಪಿನ್ನುಗಳನ್ನು ಮೆಲ್ಲನೆ ತೆಗೆಯಿರಿ. ಹರಿದ ಹಾಳೆಗೆ ಅಂಟುಪಟ್ಟಿ ಹಚ್ಚಬೇಡಿ, ಹಳೆಯ ಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ. ಮಾಡಿಸಿದರೆ ಮತ್ತೆ ಬಿಡಿಸಲಾಗದು. ಶುಭ್ರವಾದ ಹತ್ತಿ ಬಟ್ಟೆಯಲ್ಲಿ ಸುತ್ತಿ, ನೆಲಕ್ಕೂ ಗೋಡೆಗೂ ತಾಗದಂತೆ ಇಡಿ. ಪತ್ರದಲ್ಲಿರುವ ಹೆಸರುಗಳು ಯಾರವು, ಯಾವ ಊರು, ಯಾವ ವರ್ಷ ಎಂದು ಹಿರಿಯರನ್ನು ಕೇಳಿ ಬೇರೆ ಹಾಳೆಯಲ್ಲಿ ಬರೆದಿಡಿ. ಕಾಗದ ಇನ್ನೂ ನೂರು ವರ್ಷ ಇದ್ದೀತು. ಅದನ್ನು ಓದಿ ಇವರು ಯಾರೆಂದು ಹೇಳಬಲ್ಲವರು ಅಷ್ಟು ಕಾಲ ಇರುವುದಿಲ್ಲ.